ಅಪ್ಪನ ಮುಲಾಮು ಮನೆಮಂದಿಗೆಲ್ಲ ಅಲ್ಲ

ಗುಬ್ಬಿಯ ನಮ್ಮ ಮನೆಯ ಬಚ್ಚಲಲ್ಲಿ ಕನ್ನಡಿ ಪಕ್ಕ ಒಂದು ಗೂಡು ಇದೆ. ಅಪ್ಪನ ಶೇವಿಂಗ್ ಬ್ರಷ್ಷು, ಅಮ್ಮನ ಅರಿಶಿನದ ಡಬ್ಬಿ, ಜೊತೆಗೆ ಒಂದು ಮುಲಾಮಿನ ಟ್ಯೂಬು ಸದಾ ಅಲ್ಲಿರುತ್ತಿತ್ತು. ಯಾರಿಗೆ ಎಲ್ಲಿ ನವೆ ಬಂದರೂ ಅಮ್ಮನದು ಒಂದೇ ಮಾತು: "ಅಪ್ಪನ್ ಮುಲಾಮು ಹಚ್ಕೋ ಹೋಗು, ಎರಡು ದಿನಕ್ಕೆ ಹೋಗುತ್ತೆ."

ಹೋಗುತ್ತಿತ್ತು ಕೂಡ. ಸಮಸ್ಯೆ ಶುರುವಾಗಿದ್ದೇ ಅಲ್ಲಿಂದ.

ಆ ಟ್ಯೂಬು ಮನೆಗೆ ಬಂದಿದ್ದು ಅಪ್ಪನಿಗಾಗಿ. ತೋಟದ ಬದುವಿನಲ್ಲಿ ಬರಿಗೈಯಲ್ಲಿ ಕಾಂಗ್ರೆಸ್ ಗಿಡ ಕಿತ್ತು ಕಿತ್ತು ಅವರ ಕೈ ಮೊಣಕೈವರೆಗೂ ಕೆಂಪಾಗಿ, ಚರ್ಮ ದಪ್ಪಗಾಗಿ ಬಿರುಕು ಬಿಟ್ಟಿತ್ತು. ರಾತ್ರಿಯೆಲ್ಲ ಕೆರೆದುಕೊಳ್ಳುತ್ತಿದ್ದರು. ಕಾಂಗ್ರೆಸ್ ಗಿಡ ಅಂದರೆ ಪಾರ್ಥೇನಿಯಂ. ಅಮೆರಿಕ ಖಂಡದ ಈ ಕಳೆ 1950ರ ದಶಕದಲ್ಲಿ ನಮ್ಮ ದೇಶದಲ್ಲಿ ಹಬ್ಬಲು ಶುರುವಾಗಿ, ಈಗ ಖಾಲಿ ಸೈಟು, ರಸ್ತೆ ಬದಿ ಎಲ್ಲ ಕಡೆ ಇದೆ. ಕೆಲವರ ಚರ್ಮಕ್ಕೆ ಅದು ಆಗುವುದೇ ಇಲ್ಲ. ಅದರ ಪುಡಿ ಗಾಳಿಯಲ್ಲಿ ಬಂದು ಕೂತರೂ ಸಾಕು, ಉರಿಯೂತ ಶುರು. ತುಮಕೂರಿನ ಚರ್ಮವೈದ್ಯರು ಅಪ್ಪನಿಗೆ ಸ್ಟೀರಾಯ್ಡ್ ಮುಲಾಮು ಬರೆದುಕೊಟ್ಟರು. ಎರಡು ವಾರದಲ್ಲಿ ಕೈ ಮೆತ್ತಗಾಯಿತು.

ಎರಡನೇ ಗಿರಾಕಿ ನಾನು. ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಟ, ಬೆಳಗ್ಗೆಯಿಂದ ರಾತ್ರಿವರೆಗೆ ಅದೇ ಬಿಗಿ ಜೀನ್ಸು, ಬೆವರು. ತೊಡೆ ಸಂದಿಯಲ್ಲಿ ಉಂಗುರದ ಹಾಗೆ ಕೆಂಪು ಗುರುತು ಬಂತು. ಅಪ್ಪನ ಮುಲಾಮು ಹಚ್ಚಿದೆ. ಎರಡು ದಿನಕ್ಕೆ ನವೆ ಮಾಯ. ಬಿಟ್ಟರೆ ವಾರದಲ್ಲಿ ವಾಪಸ್ಸು. ಮತ್ತೆ ಹಚ್ಚಿದೆ. ಹೀಗೇ ನಾಲ್ಕು ತಿಂಗಳು. ಮಧ್ಯದಲ್ಲಿ ಒಂದು ಮೆಡಿಕಲ್ ಶಾಪಿನಲ್ಲಿ ಕೇಳಿದಾಗ, ಚೀಟಿ ಕೇಳದೆ "ಇದು ಇನ್ನೂ ಪವರ್‌ಫುಲ್ಲು ಸಾರ್" ಅಂತ ಬೇರೆ ಟ್ಯೂಬು ಕೊಟ್ಟರು. ಉಂಗುರ ಮಾತ್ರ ತೊಡೆಯಿಂದ ಸೊಂಟಕ್ಕೆ ಹತ್ತಿತು.

ಮೂರನೆಯವಳು ಕುಣಿಗಲ್‌ನ ನಮ್ಮ ಚಿಕ್ಕಮ್ಮನ ಮಗಳು. ಇದನ್ನು ಹೇಳಲು ನನಗೆ ಇವತ್ತಿಗೂ ಕಷ್ಟ, ಯಾಕೆಂದರೆ ಟ್ಯೂಬು ಕೊಟ್ಟವನು ನಾನೇ. ಜಾತ್ರೆಗೆ ಗುಬ್ಬಿಗೆ ಬಂದಿದ್ದಳು, ಮದುವೆ ಗೊತ್ತಾಗಿತ್ತು, ಕೆನ್ನೆ ಮೇಲೆ ನಾಲ್ಕು ಮೊಡವೆ. "ತಗೋ, ಒಂದು ವಾರ ಹಚ್ಚು" ಅಂದೆ. ಒಂದೇ ವಾರಕ್ಕೆ ಮುಖ ಬೆಳ್ಳಗಾಗಿ ಹೊಳೆಯುತ್ತಿದೆ ಅಂತ ಫೋಟೋ ಕಳಿಸಿದಳು. ಯಾರು ತಾನೇ ನಿಲ್ಲಿಸುತ್ತಾರೆ? ಐದು ತಿಂಗಳು ಹಚ್ಚಿದಳು. ಆಮೇಲೆ ವಿಡಿಯೋ ಕಾಲ್‌ನಲ್ಲಿ ಕ್ಯಾಮೆರಾ ಹಾಕುವುದನ್ನೇ ಬಿಟ್ಟಳು. ಕೊನೆಗೆ ಒಂದು ರಾತ್ರಿ ಫೋನು: "ಅಣ್ಣ, ಹಚ್ಚದಿದ್ರೆ ಮುಖ ಉರಿಯುತ್ತೆ, ಹಚ್ಚಿದ್ರೆ ಇನ್ನೂ ಕೆಂಪಾಗುತ್ತೆ. ನಾನೀಗ ಏನ್ ಮಾಡ್ಲಿ?"

ಮಾರನೇ ದಿನವೇ ಅವಳನ್ನು ತುಮಕೂರಿಗೆ ಕರೆಸಿಕೊಂಡು, ಅಪ್ಪ ತೋರಿಸಿದ್ದ ಡಾಕ್ಟರ ಹತ್ತಿರ ಇಬ್ಬರೂ ಹೋದೆವು.

ಅಲಾರಾಂ ಆಫ್ ಆದರೆ ಬೆಂಕಿ ಆರಿದ ಹಾಗಲ್ಲ

ಡಾಕ್ಟರ್ ಮೊದಲು ನನ್ನನ್ನು ನೋಡಿ, "ನೀವು ಇಂಜಿನಿಯರ್ ಅಲ್ವಾ? ಎರರ್ ಮೆಸೇಜ್ ಬರದ ಹಾಗೆ ಮಾಡಿದ್ರೆ ಬಗ್ ಸರಿಹೋಗುತ್ತಾ?" ಅಂದರು. ಸ್ಟೀರಾಯ್ಡ್ ಮಾಡುವುದು ಚರ್ಮದ ಉರಿಯೂತವನ್ನು ತಗ್ಗಿಸುವ ಕೆಲಸ. ಅಪ್ಪನ ಕಾಯಿಲೆಯೇ ಉರಿಯೂತ, ಹಾಗಾಗಿ ಅವರಿಗೆ ಅದು ಸರಿಯಾದ ಔಷಧಿ. ನನ್ನದು ಹುಳುಕಡ್ಡಿ, ಅಂದರೆ ಫಂಗಸ್. ಸ್ಟೀರಾಯ್ಡ್ ಅದರ ವಿರುದ್ಧ ಹೋರಾಡುವ ಮೈಯ ಶಕ್ತಿಯನ್ನೇ ಅಲ್ಲಿ ಕುಗ್ಗಿಸುತ್ತದೆ. ನವೆ ನಿಲ್ಲುತ್ತದೆ, ಫಂಗಸ್ ಆರಾಮಾಗಿ ಬೆಳೆಯುತ್ತದೆ, ಉಂಗುರದ ರೂಪವೂ ಕೆಟ್ಟು ಗುರುತು ಹಿಡಿಯುವುದು ಕಷ್ಟವಾಗುತ್ತದೆ. ಅಂಗಡಿಯಲ್ಲಿ ಸಿಕ್ಕ ಆ 'ಪವರ್‌ಫುಲ್' ಟ್ಯೂಬಿನಲ್ಲಿ ಫಂಗಸ್ ಔಷಧಿ, ಆಂಟಿಬಯಾಟಿಕ್, ಜೊತೆಗೆ ಅತಿ ಪ್ರಬಲ ಸ್ಟೀರಾಯ್ಡು, ಎಲ್ಲವೂ ಇತ್ತು. ಇಂಥ ಮಿಶ್ರಣಗಳ ದುರ್ಬಳಕೆಯೂ ನಮ್ಮ ದೇಶದಲ್ಲಿ ಹುಳುಕಡ್ಡಿ ಬೇಗ ಬಗ್ಗದಿರಲು ಒಂದು ಕಾರಣವಂತೆ.

ತಂಗಿಯ ಮುಖ ನೋಡಿ ಅವರು ಅಚ್ಚರಿಪಡಲಿಲ್ಲ. ದಿನಾ ನೋಡುವುದೇ ಇದು ಅಂದರು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದೇಶದ ಬೇರೆ ಬೇರೆ ಕಡೆ ಮುಖದ ತೊಂದರೆಗೆ ಬಂದ 2,926 ಜನರನ್ನು ಚರ್ಮವೈದ್ಯರು ಪರೀಕ್ಷಿಸಿದಾಗ 433 ಜನ ಸ್ಟೀರಾಯ್ಡ್ ಮುಲಾಮು ಹಚ್ಚುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದನ್ನು ಹೇಳಿದ್ದು ಡಾಕ್ಟರಲ್ಲ. ಗೆಳತಿ, ನೆಂಟರು, ಅಂಗಡಿಯವರು. ನನ್ನಂಥ ಅಣ್ಣಂದಿರೂ ಇದ್ದಿರಬೇಕು.

ಮುಖದ ಚರ್ಮ ತೆಳು. ತಿಂಗಳುಗಟ್ಟಲೆ ಹಚ್ಚಿದರೆ ಇನ್ನೂ ತೆಳುವಾಗಿ ರಕ್ತನಾಳ ಕಾಣುತ್ತವೆ, ಮೊಡವೆ ಹೆಚ್ಚುತ್ತವೆ, ಕೂದಲು ಬೆಳೆಯುತ್ತದೆ, ಬಿಸಿಲಿಗೆ ಹೋದರೆ ಉರಿ. ಬಿಟ್ಟ ತಕ್ಷಣ ಎಲ್ಲವೂ ಜೋರಾಗುತ್ತದೆ, ಹಾಗಾಗಿ ಮತ್ತೆ ಟ್ಯೂಬಿಗೇ ಕೈ ಹೋಗುತ್ತದೆ. ಇದರಿಂದ ಹೊರಬರುವುದು ಡಾಕ್ಟರ ಕಣ್ಣಳತೆಯಲ್ಲೇ ಆಗಬೇಕು.

ಅಪ್ಪ ಮಾಡಿದ ಎಡವಟ್ಟು

ಈ ಸುದ್ದಿ ಗುಬ್ಬಿಗೆ ತಲುಪಿದ ದಿನವೇ ಅಪ್ಪ ಟ್ಯೂಬನ್ನು ತಿಪ್ಪೆಗೆ ಎಸೆದರು. "ಸ್ಟೀರಾಯ್ಡ್ ಅಂದ್ರೆ ವಿಷ" ಅನ್ನುವ ವಾಟ್ಸಾಪ್ ಮೆಸೇಜು ಬೇರೆ ಬಂದಿತ್ತು. ಮಳೆಗಾಲ, ಕಾಂಗ್ರೆಸ್ ಗಿಡ ಹೂ ಬಿಡುವ ಹೊತ್ತು. ಮೂರು ವಾರದಲ್ಲಿ ಕೈ ಒಡೆದು ಕೀವು ತುಂಬಿ, ಊಟದ ತುತ್ತು ಕಲಸಲೂ ಆಗದ ಸ್ಥಿತಿ. ಡಾಕ್ಟರ್ ಅವರಿಗೂ ಬೈದರು: "ಬೇಕಾದಾಗ ಹಚ್ಚದೆ ಇರೋದೂ ತಪ್ಪೇ, ಯಜಮಾನ್ರೇ."

ಮೊದಲು ಕೀವಿಗೆ ಔಷಧಿ ಕೊಟ್ಟರು, ಆಮೇಲೆ ಅದೇ ಮುಲಾಮನ್ನು ಮತ್ತೆ ಬರೆದರು. ಅವತ್ತು ಅವರು ಹೇಳಿದ್ದನ್ನು ಫೋನಿನಲ್ಲಿ ಬರೆದುಕೊಂಡೆ. ನಿಮಗೂ ಇರಲಿ.

ಎಷ್ಟು: ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿ. ಅದು ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈ ಅಗಲದ ಜಾಗಕ್ಕೆ ಸಾಕು. ಇಡೀ ತೋಳಿಗೆ ಅಂಥ ಮೂರು ಎಳೆ. ತೆಳುವಾಗಿ, ತೊಂದರೆ ಇರುವ ಕಡೆ ಮಾತ್ರ.

ಎಲ್ಲಿ: ಒಂದೇ ಔಷಧಿ ಎಲ್ಲ ಕಡೆ ಒಂದೇ ರೀತಿ ಇಳಿಯುವುದಿಲ್ಲ. 1967ರ ಒಂದು ಪ್ರಯೋಗದಲ್ಲಿ ಮುಂಗೈಗಿಂತ ದವಡೆಯ ಚರ್ಮ ಹೈಡ್ರೊಕಾರ್ಟಿಸೋನನ್ನು 13 ಪಟ್ಟು, ವೃಷಣದ ಚರ್ಮ 42 ಪಟ್ಟು ಹೆಚ್ಚು ಹೀರಿತ್ತು. ಮುಖ, ಕಣ್ಣಿನ ರೆಪ್ಪೆ, ಕಂಕುಳು, ತೊಡೆ ಸಂದಿಗೆ ಡಾಕ್ಟರು ಹೇಳದೆ ಬೇಡವೇ ಬೇಡ. ಮಕ್ಕಳಿಗೂ ಅಷ್ಟೇ.

ಎಷ್ಟು ದಿನ: ಡಾಕ್ಟರು ಹೇಳಿದಷ್ಟೇ ದಿನ. ಕ್ಲೊಬೆಟಸಾಲ್‌ನಂಥ ಅತಿ ಪ್ರಬಲ ಮುಲಾಮಿಗೆ ಸಾಮಾನ್ಯವಾಗಿ ಎರಡು ವಾರವೇ ಗಡಿ. ಹಳೇ ಚೀಟಿ ತೋರಿಸಿ ಮತ್ತೆ ಮತ್ತೆ ತರಬೇಡಿ.

ಯಾವುದು: ಶೇಕಡಾ ನೋಡಿ ಮೋಸಹೋಗಬೇಡಿ. 1 ಶೇಕಡಾ ಹೈಡ್ರೊಕಾರ್ಟಿಸೋನ್ ಸೌಮ್ಯ, 0.05 ಶೇಕಡಾ ಕ್ಲೊಬೆಟಸಾಲ್ ಅತಿ ಪ್ರಬಲ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬೆಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್, ಫ್ಲೂಸಿನೊಲೋನ್ ಅಂತಿದ್ದರೆ ಅದು ಸ್ಟೀರಾಯ್ಡ್. ಬಣ್ಣ ಬೆಳ್ಳಗಾಗಿಸುವ ಕೆಲವು ಕ್ರೀಮುಗಳಲ್ಲೂ ಇರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಮಾಡಿದೆ. ಅಂಗಡಿಯವರು ಚೀಟಿ ಕೇಳಿದರೆ ಸಿಟ್ಟಾಗಬೇಡಿ.

ಕಾರಣ: ಬರೀ ಮುಲಾಮು ಸಾಲದು. ಅಪ್ಪ ಈಗ ತುಂಬುತೋಳಿನ ಅಂಗಿ ಹಾಕುತ್ತಾರೆ, ಕಳೆ ಕೀಳುವ ಕೆಲಸಕ್ಕೆ ಕೈ ಹಾಕುವುದಿಲ್ಲ, ತೋಟದಿಂದ ಬಂದ ಕೂಡಲೇ ಸ್ನಾನ, ದಿನಾ ಮಾಯಿಶ್ಚರೈಸರ್.

ನನ್ನ ಹುಳುಕಡ್ಡಿ ವಾಸಿಯಾಗಲು ಫಂಗಸ್ ಮಾತ್ರೆ, ಕ್ರೀಮು ಸೇರಿ ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ಗುರುತು ಮಾಸಿದ ಮೇಲೂ ಡಾಕ್ಟರು ಹೇಳಿದಷ್ಟು ದಿನ ಮುಗಿಸಿದೆ. ತಂಗಿಯ ಮದುವೆ ಆಯಿತು. ಮುಖದ ಕೆಂಪು ಪೂರ್ತಿ ಹೋಗಿರಲಿಲ್ಲ, ಫೋಟೋದಲ್ಲಿ ಕಾಣುತ್ತದೆ. ಈಗ ಎಷ್ಟೋ ಕಡಿಮೆಯಾಗಿದೆ. ಬೈಯುವುದಂತೂ ಬಿಟ್ಟಿಲ್ಲ: "ಅಣ್ಣ, ಕೋಡ್ ಬರಿ, ಔಷಧಿ ಬರೀಬೇಡ."

ಮೊನ್ನೆ ಊರಿಗೆ ಹೋದಾಗ ಬಚ್ಚಲ ಗೂಡಿನಲ್ಲಿ ಟ್ಯೂಬು ಇರಲಿಲ್ಲ. ಅಪ್ಪನ ಕಪಾಟಿಗೆ ಹೋಗಿದೆ. ಅದಕ್ಕೊಂದು ಬಿಳಿ ಪಟ್ಟಿ ಅಂಟಿಸಿ ಅಮ್ಮ ಪೆನ್ನಿನಲ್ಲಿ ಬರೆದಿದ್ದರು: "ಅವರಿಗೆ. ಕೈಗೆ ಮಾತ್ರ. 14ನೇ ತಾರೀಕಿನ ತನಕ."