ಸ್ಟ್ರಾಂಗ್, ಲೈಟ್, ಫೀಕಾ: ಮುಂಬಯಿ ಕನ್ನಡಿಗರ ಕಾಫಿ ಹದ

ಭಾನುವಾರ ಸಂಜೆ. ಉಪನಗರದ ಕನ್ನಡ ಸಂಘವೊಂದರ ಮಾಸಿಕ ಕಾರ್ಯಕ್ರಮ. ವಂದನಾರ್ಪಣೆ ಇನ್ನೂ ಮುಗಿದಿಲ್ಲ, ಆಗಲೇ ಸಭಿಕರ ಕಣ್ಣು ಹಿಂದಿನ ಮೇಜಿನತ್ತ. ಕ್ಯಾಟರಿಂಗ್‌ನವರು ತಂದಿಟ್ಟ ಸ್ಟೀಲ್ ಪಾತ್ರೆಯ ನಲ್ಲಿ ತಿರುಗಿಸಿದರೆ ಪುಡಿ, ಹಾಲು, ಸಕ್ಕರೆ ಎಲ್ಲವೂ ಮೊದಲೇ ಬೆರೆತ ಕಾಫಿ ಕಾಗದದ ಕಪ್ಪಿಗೆ ಬೀಳುತ್ತದೆ. ಎಲ್ಲರೂ ಸಾಲಿನಲ್ಲಿ ನಿಂತು ತೆಗೆದುಕೊಳ್ಳುತ್ತಾರೆ, ಎಲ್ಲರೂ "ಚೆನ್ನಾಗಿದೆ" ಎನ್ನುತ್ತಾರೆ. ಆದರೆ ಸಭಾಗೃಹ ಖಾಲಿಯಾದ ಮೇಲೆ ಕಪ್ಪುಗಳನ್ನು ಒಟ್ಟುಮಾಡುವ ಕಾರ್ಯಕರ್ತರಿಗೆ ಕಾಣುವ ಚಿತ್ರವೇ ಬೇರೆ. ಕುರ್ಚಿಯ ಕೆಳಗೆ, ಕಿಟಕಿಯ ದಂಡೆಯ ಮೇಲೆ, ವೇದಿಕೆಯ ಮೂಲೆಯಲ್ಲಿ ಅರ್ಧ ಕುಡಿದು ಬಿಟ್ಟ ಕಪ್ಪುಗಳು. ಕೆಲವು ಒಂದೇ ಗುಟುಕಿಗೆ ನಿಂತವು. ಕಾಫಿಯಲ್ಲಿ ದೋಷವೇನೂ ಇರಲಿಲ್ಲ. ಕೆಲವರಿಗೆ ಸಿಹಿ ಜಾಸ್ತಿ, ಕೆಲವರಿಗೆ ಡಿಕಾಕ್ಷನ್ ಸಾಲದು, ಮತ್ತೆ ಕೆಲವರ ಲೆಕ್ಕದಲ್ಲಿ ಅದು ಕಾಫಿಯೇ ಅಲ್ಲ.

ಇದರಲ್ಲಿ ಆಶ್ಚರ್ಯವಿಲ್ಲ. ಸಂಘದಲ್ಲಿ ಒಂದೇ ಸಾಲಿನಲ್ಲಿ ಕುಳಿತವರ ಊರುಗಳು ಒಂದಕ್ಕೊಂದು ಎಷ್ಟು ದೂರ! ಹಾಸನ, ಮೈಸೂರು, ತುಮಕೂರು ಕಡೆಯವರಿಗೆ ಫಿಲ್ಟರಿನ ಮೊದಲ ಡಿಕಾಕ್ಷನ್, ಆಗಷ್ಟೇ ಉಕ್ಕಿದ ಹಾಲು, ಕೈಸುಡುವ ಲೋಟ ಬೇಕು. ಮಲೆನಾಡು ಮತ್ತು ಕೊಡಗಿನ ಹಿರಿಯರಿಗೆ ಬೆಲ್ಲದ ಕಾಫಿಯ ನೆನಪು. ಕುದಿಯುವ ನೀರಿಗೆ ಬೆಲ್ಲ, ಪುಡಿ ಹಾಕಿ ಇಳಿಸಿ ಸೋಸಿದರೆ ಮುಗಿಯಿತು. ಹಾಲು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ದಕ್ಷಿಣ ಕನ್ನಡ, ಉಡುಪಿಯ ಮನೆಗಳಲ್ಲಿ ಕಾಫಿಗೆ ಎಷ್ಟು ಮರ್ಯಾದೆಯೋ ಚಾಕ್ಕೂ ಅಷ್ಟೇ. ಹಾಲಿಲ್ಲದ ಕಣ್ಣ ಚಾ ಕುಡಿದು ಗದ್ದೆಗೆ ಇಳಿದ ತಲೆಮಾರು ಅದು. ಇನ್ನು ಧಾರವಾಡ, ಬೆಳಗಾವಿ, ವಿಜಯಪುರದವರನ್ನು ಕೇಳುವುದೇ ಬೇಡ. ಅವರಿಗೆ ಚಹಾ ಬೇಕು. ಕಾಫಿ ಕೊಟ್ಟರೆ ದಾಕ್ಷಿಣ್ಯಕ್ಕೆ ಕುಡಿದಾರು.

ಮುಂಬಯಿಗೂ ಕಾಫಿಗೂ ಇರುವ ನಂಟು ಹಳೆಯದು. ಇಂಡಿಯಾ ಕಾಫಿ ಹೌಸ್ ಮೊದಲು ಬಾಗಿಲು ತೆರೆದದ್ದು ಇದೇ ನಗರದ ಚರ್ಚ್‌ಗೇಟ್‌ನಲ್ಲಿ, 1936ರಲ್ಲಿ. ಕಾಫಿ ಬೆಳೆಯದ ಊರಿನಲ್ಲಿ, ಚಹಾದ ಗಿರಾಕಿಗಳ ನಡುವೆ ಕಾಫಿಯ ರುಚಿ ಹತ್ತಿಸಲು ಅಂದಿನ ಕಾಫಿ ಸೆಸ್ ಕಮಿಟಿ ಕಂಡುಕೊಂಡ ಉಪಾಯ ಅದು. ಆದರೆ ಮಾಟುಂಗಕ್ಕೆ ಯಾರೂ ಹೊಸದಾಗಿ ರುಚಿ ಹತ್ತಿಸಬೇಕಾಗಿರಲಿಲ್ಲ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್‌ನ ನೆಲೆ ಅಲ್ಲಿಯೇ. 1940ರ ಕೆಫೆ ಮದ್ರಾಸ್, 1942ರಲ್ಲಿ ರೈಲು ನಿಲ್ದಾಣದ ಪಕ್ಕ ಆರಂಭವಾದ ಎ. ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಹೂವಿನ ಅಂಗಡಿಗಳು, ಬಾಳೆಎಲೆಯ ಕಟ್ಟು, ಇವುಗಳ ಮಧ್ಯೆ ಕಾಫಿ ಬೀಜ ಹುರಿದು ಪುಡಿ ಮಾಡಿ ಕೊಡುವ ಅಂಗಡಿಗಳು. ಮನೆಯನ್ನು ಡೊಂಬಿವಲಿಗೋ ವಾಶಿಗೋ ಮೀರಾರೋಡಿಗೋ ಬದಲಾಯಿಸಿದವರು ಕೂಡ ಪುಡಿಗಾಗಿ ಮಾತ್ರ ಮಾಟುಂಗಕ್ಕೇ ಬರುತ್ತಾರೆ. ತಿಂಗಳ ಮೊದಲ ವಾರ ಆ ಅಂಗಡಿಗಳ ಮುಂದೆ ನಿಂತರೆ ಕರ್ನಾಟಕ, ತಮಿಳುನಾಡು, ಕೇರಳ ಮೂರೂ ಒಟ್ಟಿಗೆ ಕಿವಿಗೆ ಬೀಳುತ್ತವೆ.

ಉಡುಪಿ ಹೋಟೆಲುಗಳಲ್ಲಿ ಬೇರೆಯದೇ ಒಂದು ಭಾಷೆ ಬೆಳೆಯಿತು. "ಎರಡು ಕಾಫಿ, ಒಂದು ಸ್ಟ್ರಾಂಗ್, ಒಂದು ಫೀಕಾ" ಎಂದು ಹುಡುಗ ಕೂಗಿದರೆ ಒಳಗಿದ್ದವನ ಕೈ ತಾನಾಗಿ ನಡೆಯುತ್ತದೆ. ಫೀಕಾ ಎಂದರೆ ಸಪ್ಪೆ ಎಂದರ್ಥ, ಹೋಟೆಲಿನಲ್ಲಿ ಸಕ್ಕರೆ ಇಲ್ಲದ್ದು. ಲೈಟ್ ಎಂದರೆ ಹಾಲು ಮುಂದು. ಬೆಂಗಳೂರಿನ ಬೈ ಟೂ ಇಲ್ಲಿ ಅಷ್ಟಾಗಿ ಬೇರೂರಲಿಲ್ಲ, ಅದರ ಸ್ಥಾನವನ್ನು ಚಹಾದ ಕಟಿಂಗ್ ಹಿಡಿದುಕೊಂಡಿತು. ಕಾಫಿ ಕೌಂಟರಿನಲ್ಲಿ ಹತ್ತಿಪ್ಪತ್ತು ವರ್ಷ ನಿಂತವರಿಗೆ ಖಾಯಂ ಗಿರಾಕಿಯ ಹೆಸರು ಗೊತ್ತಿರುವುದಿಲ್ಲ, ಮನೆ ಗೊತ್ತಿರುವುದಿಲ್ಲ. ಆದರೆ ಅವರ ಮುಖ ಬಾಗಿಲಲ್ಲಿ ಕಂಡೊಡನೆ ಎಷ್ಟು ಡಿಕಾಕ್ಷನ್, ಎಷ್ಟು ಸಕ್ಕರೆ ಎಂಬುದು ಗೊತ್ತು. ಇದು ಸಣ್ಣ ವಿದ್ಯೆಯಲ್ಲ.

ಹಾಲಿನ ಮಾತೂ ಇಲ್ಲಿ ಬರಬೇಕು. ಊರಿನಲ್ಲಿ ಹಸುವಿನ ಹಾಲಿಗೆ ಒಗ್ಗಿದವರು ಮುಂಬಯಿಗೆ ಬಂದಾಗ ಸಿಕ್ಕಿದ್ದು ತಬೇಲಾದ ಎಮ್ಮೆ ಹಾಲು. ಕೊಬ್ಬಿನಂಶ ಹೆಚ್ಚಿರುವ ಆ ಹಾಲಿಗೆ ಊರಿನ ಅಳತೆಯಲ್ಲಿ ಡಿಕಾಕ್ಷನ್ ಬೆರೆಸಿದರೆ ಬಣ್ಣವೂ ಏರುವುದಿಲ್ಲ, ರುಚಿಯೂ ಏರುವುದಿಲ್ಲ. ಅನೇಕ ಗೃಹಿಣಿಯರು ಆಗ ಮಾಡಿದ ಉಪಾಯ ಒಂದೇ, ಪುಡಿಯಲ್ಲಿ ರೊಬಸ್ಟಾ ಸ್ವಲ್ಪ, ಚಿಕೋರಿ ಸ್ವಲ್ಪ ಹೆಚ್ಚಿಸಿದ್ದು. ಊರಿಗೆ ಹೋದಾಗ "ನಿಮ್ಮ ಮುಂಬಯಿ ಕಾಫಿ ಕಹಿ ಮಾರಾಯ್ತಿ" ಎಂದು ನೆಂಟರು ಹೇಳುತ್ತಿದ್ದುದಕ್ಕೆ ಕಾರಣ ಇದೇ ಇರಬಹುದು.

ಪುಡಿಯ ವಿಚಾರ ಬಲ್ಲವರು ಅಂಗಡಿಯಲ್ಲಿ "ಕಾಫಿ ಪುಡಿ ಕೊಡಿ" ಎಂದು ಸುಮ್ಮನೆ ಕೇಳುವುದಿಲ್ಲ. ಅರೇಬಿಕಾ ಪರಿಮಳಕ್ಕೆ, ರೊಬಸ್ಟಾ ಕಡಕ್‌ತನಕ್ಕೆ. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾಕ್ಕಿಂತ ಸುಮಾರು ಇಮ್ಮಡಿ. ಪ್ಲಾಂಟೇಷನ್ ಎ ಎಂದರೆ ಹಣ್ಣಿನ ತಿರುಳು ತೆಗೆದು, ತೊಳೆದು ಒಣಗಿಸಿದ ಅರೇಬಿಕಾದ ಒಂದು ದರ್ಜೆ. ಹಣ್ಣನ್ನೇ ಹಾಗೆಯೇ ಒಣಗಿಸಿದರೆ ಅದು ಚೆರಿ. ಸಾಮಾನ್ಯವಾಗಿ ಒಂದು ಹಣ್ಣಿನೊಳಗೆ ಒಂದು ಬದಿ ಚಪ್ಪಟೆಯಾದ ಎರಡು ಬೀಜಗಳು ಇರುತ್ತವೆ. ಕೆಲವು ಹಣ್ಣುಗಳಲ್ಲಿ ಒಂದೇ ಬೀಜ ಬೆಳೆದು ಗುಂಡಗಾಗುತ್ತದೆ, ಅದೇ ಪೀಬೆರಿ. ಚಿಕೋರಿ ಕಾಫಿಯೇ ಅಲ್ಲ, ಒಂದು ಗಿಡದ ಬೇರು. ಗುಜರಾತಿನ ಜಾಮನಗರದ ಕಡೆ, ಉತ್ತರ ಪ್ರದೇಶದಲ್ಲಿ ಬೆಳೆಯುತ್ತಾರೆ. ಹುರಿದು ಪುಡಿ ಮಾಡಿದರೆ ಬಣ್ಣ ಮತ್ತು ದಪ್ಪ ಕೊಡುತ್ತದೆ, ಕೆಫೀನ್ ಇಲ್ಲ. ಚಿಕೋರಿ ಹೆಚ್ಚಾದಷ್ಟೂ ಫಿಲ್ಟರಿನಲ್ಲಿ ನೀರು ಇಳಿಯುವುದು ನಿಧಾನ.

ಸಂಘದ ಸದಸ್ಯರೊಬ್ಬರ ಪ್ರಸಂಗ ಇಲ್ಲಿ ಹೇಳುವಂಥದ್ದು. ಖಾಸಗಿ ಕಂಪನಿಯಲ್ಲಿ ದುಡಿದು ನಿವೃತ್ತರಾದ ಅವರಿಗೆ ಎಪ್ಪತ್ತು ದಾಟಿದೆ. ಸ್ನೇಹಿತರ ನಡುವೆ ಕಾಫಿಯ ಮಾತು ಬಂದರೆ "ನಮ್ಮ ಮನೆಯಲ್ಲಿ ಚಿಕೋರಿಗೆ ಪ್ರವೇಶವೇ ಇಲ್ಲ" ಎಂದು ಅಭಿಮಾನದಿಂದ ಹೇಳುತ್ತಿದ್ದರು. 41 ವರ್ಷ ಸಂಸಾರ ಮಾಡಿದ ಪತ್ನಿ ತೀರಿಕೊಂಡ ಮೇಲೆ ಮಗಳು ಒಂದು ತಿಂಗಳು ಇದ್ದು ಪುಣೆಗೆ ಮರಳಿದಳು. ಡಬ್ಬಿಯಲ್ಲಿದ್ದ ಪುಡಿ ಮುಗಿಯಿತು. ಮೂಲೆಯ ಅಂಗಡಿಯಿಂದ ಒಂದು ಪೊಟ್ಟಣ ತಂದರು, ಆಗಲಿಲ್ಲ. ಬೇರೆ ತಂದರು, ಅದೂ ಆಗಲಿಲ್ಲ. ಕಾಫಿ ಬಿಟ್ಟೇಬಿಡುತ್ತೇನೆಂದು ನಾಲ್ಕು ದಿನ ಚಹಾ ಕುಡಿದರು. ಐದನೆಯ ದಿನ ರೈಲು ಹಿಡಿದು ಮಾಟುಂಗಕ್ಕೆ ಹೋದರು.

"ಯಾವುದು ಕೊಡಲಿ ಸಾರ್?" ಎಂದ ಅಂಗಡಿಯವನಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. "ನಮ್ಮ ಮನೆಯವಳು ಒಯ್ಯುತ್ತಿದ್ದದ್ದು" ಎಂದರು. ಹೆಸರು, ಬಡಾವಣೆ ಕೇಳಿದ ಅವನು ಫೋನ್ ಆರ್ಡರಿನ ಪುಸ್ತಕ ತಿರುವಿ ಓದಿದ: ಪೀಬೆರಿ 300 ಗ್ರಾಂ, ಪ್ಲಾಂಟೇಷನ್ ಎ 125, ಚಿಕೋರಿ 75.

ಅರ್ಧ ಕಿಲೋದಲ್ಲಿ 75 ಗ್ರಾಂ ಎಂದರೆ ಶೇ. 15. ಅವರಿಗೆ ನಗು ಬಂತಂತೆ, ಅಂಗಡಿಯ ಮುಂದೆಯೇ ಕಣ್ಣೂ ತುಂಬಿತಂತೆ. "ಅಕ್ಕ ಈ ತಿಂಗಳು ಫೋನ್ ಮಾಡಲಿಲ್ಲ, ಊರಿಗೆ ಹೋಗಿದ್ದಾರೋ ಅಂದುಕೊಂಡೆ" ಎಂದ ಅಂಗಡಿಯವನು ವಿಷಯ ತಿಳಿದು ಸ್ವಲ್ಪ ಹೊತ್ತು ಯಂತ್ರ ನಿಲ್ಲಿಸಿದ. ಪುಡಿ ಅದೇ ಬಂದರೂ ಮೊದಲ ವಾರ ಕಾಫಿ ಆ ಕಾಫಿಯಾಗಲಿಲ್ಲ. ಪುಡಿಯನ್ನು ಗಟ್ಟಿಯಾಗಿ ಒತ್ತಿ ನೀರು ಇಳಿಯದಂತೆ ಮಾಡುತ್ತಿದ್ದರು. ಮೇಲಿನ ಮನೆಯ ತಮಿಳು ಮಾಮಿ ಬಂದು, ಮೆಲ್ಲಗೆ ಸಮ ಮಾಡಿದರೆ ಸಾಕು, ನೀರನ್ನು ಒಮ್ಮೆಲೇ ಸುರಿಯಬಾರದು ಎಂದು ತೋರಿಸಿಕೊಟ್ಟರು. ಈಗ ಅವರ ಮನೆಗೆ ಹೋದವರಿಗೆ ಒಳ್ಳೆಯ ಕಾಫಿ ಸಿಗುತ್ತದೆ, ಚಿಕೋರಿ ಎಷ್ಟೆಂದು ಅವರೇ ಹೇಳುತ್ತಾರೆ.

ಎಲ್ಲ ಮನೆಗಳಲ್ಲೂ ಲೆಕ್ಕ ಹೀಗೆ ಪುಸ್ತಕದಲ್ಲಿ ಇರುವುದಿಲ್ಲ. ಅಡುಗೆ ಮಾಡುವವರ ಕೈಯಲ್ಲಿ ಇರುತ್ತದೆ, ಕೇಳುವ ಅಭ್ಯಾಸ ಮನೆಯವರಿಗೆ ಇಲ್ಲ. ಅತ್ತೆಯ ಮನೆಗೆ ಬಂದ ಸೊಸೆ ಮೊದಲು ಕಲಿಯುವ ಪಾಠ ಮಾವನಿಗೆ ಎಷ್ಟು ಬಿಸಿ, ಮೈದುನನಿಗೆ ಎಷ್ಟು ಸಕ್ಕರೆ ಎಂಬುದು. ಅವಳಿಗೆ ಹೇಗೆ ಬೇಕು ಎಂದು ಕೇಳುವವರು ಕಡಿಮೆ. ಎಲ್ಲರಿಗೂ ಕೊಟ್ಟು ಉಳಿದ ಎರಡನೆಯ ಡಿಕಾಕ್ಷನ್‌ಗೆ ಉಳಿದ ಹಾಲು ಬೆರೆಸಿ ಕುಡಿದು, ಕಡೆಗೆ ಅದನ್ನೇ ತಮ್ಮ ರುಚಿ ಎಂದುಕೊಂಡ ತಾಯಂದಿರು ಎಷ್ಟೋ ಮಂದಿ. ಮಹಿಳಾ ವಿಭಾಗದ ಒಂದು ಸಭೆಯಲ್ಲಿ ಈ ಮಾತು ಬಂದಾಗ ಹಿರಿಯ ಸದಸ್ಯೆಯೊಬ್ಬರು, "ನನಗೆ ಸ್ಟ್ರಾಂಗ್ ಇಷ್ಟ ಎಂದು ಗೊತ್ತಾದದ್ದೇ ಮಗನ ಮದುವೆಯ ನಂತರ, ಸೊಸೆ ಕೇಳಿದಳು" ಎಂದರು.

ಇತ್ತೀಚೆಗೆ ಪುಡಿಯ ಬೆಲೆಯೂ ಹದವನ್ನು ಅಲುಗಿಸಿದೆ. ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಮಳೆ ಕೈಕೊಟ್ಟು 2024 ಮತ್ತು 2025ರಲ್ಲಿ ಬೀಜದ ಬೆಲೆ ಜಗತ್ತಿನಾದ್ಯಂತ ಏರಿದಾಗ ಚಿಕ್ಕಮಗಳೂರು, ಕೊಡಗಿನ ಬೆಳೆಗಾರರಿಗೆ ಅಪರೂಪಕ್ಕೆ ಒಳ್ಳೆಯ ದರ ಸಿಕ್ಕಿತು. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವುದು ಕರ್ನಾಟಕವೇ ಆದ್ದರಿಂದ ಅದು ಸಂತೋಷದ ಸಂಗತಿ. ಕೊಳ್ಳುವವರು ಮಾತ್ರ 85ಕ್ಕೆ 15 ಇದ್ದದ್ದನ್ನು 70ಕ್ಕೆ 30 ಮಾಡಿಕೊಂಡರು. ಅದರಲ್ಲಿ ತಪ್ಪೇನೂ ಇಲ್ಲ, ಗೊತ್ತಿದ್ದು ಮಾಡಿದರೆ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಕೂಡದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕು. 53ಕ್ಕೆ 47 ಎಂದು ಮುದ್ರಿಸಿದ್ದರೆ ಅರ್ಧ ಕಿಲೋದಲ್ಲಿ ಕಾಫಿ 265 ಗ್ರಾಂ, ಬೇರು 235 ಗ್ರಾಂ. ಕಿಲೋ ದರ ಹೋಲಿಸುವ ಮೊದಲು ಈ ಸಣ್ಣ ಅಕ್ಷರ ಓದಿದರೆ ಅಗ್ಗದ ಪುಡಿ ನಿಜಕ್ಕೂ ಅಗ್ಗವೇ ಎಂದು ತಿಳಿಯುತ್ತದೆ.

ಸಕ್ಕರೆಯ ಲೆಕ್ಕ ಇನ್ನೂ ಸರಳ. ಚಮಚಕ್ಕೆ ಸುಮಾರು 5 ಗ್ರಾಂ. ದಿನಕ್ಕೆ 4 ಕಪ್, ಎರಡೆರಡು ಚಮಚ ಎಂದರೆ 40 ಗ್ರಾಂ, ತಿಂಗಳಿಗೆ 1 ಕಿಲೋ 200 ಗ್ರಾಂ, ಅದೂ ಕಾಫಿಯೊಂದರಲ್ಲೇ. ಸಕ್ಕರೆ ಕಾಯಿಲೆ ಇಲ್ಲದ ಮನೆ ಈಗ ಹುಡುಕಬೇಕು. ಮನೆಯಲ್ಲಿ ಫೀಕಾ ಕುಡಿಯುವ ಹಿರಿಯರು ಸಭೆಗೆ ಬಂದಾಗ ಬೆರೆಸಿಟ್ಟ ಕಾಫಿಯನ್ನೇ ತೆಗೆದುಕೊಳ್ಳುತ್ತಾರೆ. ತನಗೊಬ್ಬನಿಗೆ ಬೇರೆ ಮಾಡಿಸುವುದೇಕೆ ಎಂಬ ಸಂಕೋಚ. ಇನ್ನು ಕೆಲವರು ಒಂದು ಗುಟುಕು ಕುಡಿದು ಕುರ್ಚಿಯ ಕೆಳಗೆ ಇಡುತ್ತಾರೆ. ಕಪ್ಪುಗಳನ್ನು ಎತ್ತುತ್ತಿದ್ದ ಕಾರ್ಯಕರ್ತನೊಬ್ಬ ಇದನ್ನು ಗಮನಿಸಿ ಕಾರ್ಯಕಾರಿ ಸಮಿತಿಯ ಮುಂದಿಟ್ಟ. ಕೋಶಾಧಿಕಾರಿಗಳು ಮೊದಲು ಖರ್ಚಿನ ಮಾತೆತ್ತಿದರು, ಆಮೇಲೆ ತಮಗೂ ಎರಡು ವರ್ಷದಿಂದ ಸಕ್ಕರೆ ಇದೆ ಎಂದು ಒಪ್ಪಿಕೊಂಡರು.

ಕೊನೆಗೆ ಸಮಿತಿ ಹಿಡಿದದ್ದು ನಿವೃತ್ತ ಹೋಟೆಲ್ ಕಾರ್ಮಿಕರೊಬ್ಬರನ್ನು. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು ಫೋರ್ಟಿನ ಹೋಟೆಲಿನಲ್ಲಿ ಮೇಜು ಒರೆಸಿ, ರಾತ್ರಿ ಶಾಲೆಯಲ್ಲಿ ಓದಿ, ಮೂವತ್ತು ವರ್ಷಕ್ಕೂ ಮಿಕ್ಕಿ ಕಾಫಿ ಕೌಂಟರ್ ನಡೆಸಿದವರು. ಮಾಸಿಕ ಸಭೆಯ ದಿನ ಅವರು ಮಧ್ಯಾಹ್ನ ನಾಲ್ಕಕ್ಕೇ ಸಭಾಗೃಹಕ್ಕೆ ಬರುತ್ತಾರೆ, ಏಕೆಂದರೆ ಡಿಕಾಕ್ಷನ್ ಅವಸರ ಕೇಳುವುದಿಲ್ಲ. ಹಾಲು ಬೇರೆ, ಡಿಕಾಕ್ಷನ್ ಬೇರೆ, ಸಕ್ಕರೆ ಬೇರೆ. ಪಕ್ಕದಲ್ಲಿ ಉತ್ತರ ಕರ್ನಾಟಕದವರಿಗಾಗಿ ಚಹಾದ ಒಂದು ಫ್ಲಾಸ್ಕ್. ಪ್ರತಿಯೊಬ್ಬರನ್ನೂ "ನಿಮಗೆ ಹ್ಯಾಂಗೆ ಕೊಡ್ಲಿ?" ಎಂದು ಒಮ್ಮೆ ಮಾತ್ರ ಕೇಳುತ್ತಾರೆ, ಮುಂದಿನ ತಿಂಗಳು ಕೇಳುವುದಿಲ್ಲ. ಸಾಲು ನಿಧಾನವಾಗಿ ಸಾಗುತ್ತದೆ, ಒಂಬತ್ತಕ್ಕೆ ಸಭಾಗೃಹ ಬಿಟ್ಟುಕೊಡಬೇಕು ಎಂದು ಕಾರ್ಯದರ್ಶಿ ಗಡಿಯಾರ ನೋಡುತ್ತಿರುತ್ತಾರೆ. ಆದ್ದರಿಂದ ಈಗ ವಂದನಾರ್ಪಣೆಯ ಸಮಯವನ್ನು ಐದು ನಿಮಿಷಕ್ಕೆ ಇಳಿಸಲಾಗಿದೆ. ಇದಕ್ಕೆ ಸದಸ್ಯರಿಂದ ಯಾವ ಆಕ್ಷೇಪವೂ ಬಂದಿಲ್ಲ.