ಜೋಲುವ ಹಗ್ಗವೇ ಕಾಯುವ ಹಗ್ಗ

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಯ ಕಡೆಯವರಿಗೆ ಮರ ಹತ್ತುವುದೆಂದರೆ ತೆಂಗಿನ ಮರ ಹತ್ತುವುದೇ ಸರಿ. ಹಣ ಕೊಟ್ಟು ಮರ ಹತ್ತುವವರೂ ಉಂಟೆಂದಾಗ ನಮ್ಮ ತಂದೆಯವರು ನಂಬಲಿಲ್ಲ. ಆದುದರಿಂದ ಕಳೆದ ಬೇಸಿಗೆಯ ರಜೆಯಲ್ಲಿ ಮನೆಯವರೆಲ್ಲರೂ ಬುತ್ತಿ ಕಟ್ಟಿಕೊಂಡು, ಹಾಸನವನ್ನು ದಾಟಿ, ಸಕಲೇಶಪುರದ ಕಡೆಯ ಕಾಫಿ ತೋಟವೊಂದಕ್ಕೆ ಹೊರಟೆವು.

ಅಲ್ಲಿ ನೆಲದಿಂದ ಸುಮಾರು 8 ಮೀಟರ್ ಎತ್ತರದಲ್ಲಿ, ಒಂದು ಮರದಿಂದ ಇನ್ನೊಂದು ಮರಕ್ಕೆ ಉಕ್ಕಿನ ತಂತಿಹಗ್ಗಗಳನ್ನು ಕಟ್ಟಿ, ನಡೆಯಲು ಹಲಗೆಗಳನ್ನು ತೂಗಬಿಟ್ಟಿದ್ದರು. ಹತ್ತುವವರ ಸೊಂಟಕ್ಕೂ ತೊಡೆಗಳಿಗೂ ಪಟ್ಟಿ. ಆ ಪಟ್ಟಿಯಿಂದ ಹೊರಟ ಎರಡು ಹಗ್ಗಗಳಿಗೆ ಎರಡು ಕೊಂಡಿಗಳು. ಮರವನ್ನು ತಲುಪಿದಾಗ ಒಂದು ಕೊಂಡಿಯನ್ನು ಬಿಡಿಸಿ ಮುಂದಿನ ತಂತಿಗೆ ಹಾಕಿದ ಮೇಲೆಯೇ ಇನ್ನೊಂದನ್ನು ಬಿಡಿಸತಕ್ಕದ್ದು. ಹೀಗೆ ಒಂದು ಕ್ಷಣವೂ ಆಸರೆ ತಪ್ಪುವುದಿಲ್ಲ.

ನನ್ನ ಹನ್ನೊಂದು ವರ್ಷದ ಮಗಳು ಉತ್ಸಾಹದಿಂದ ಹತ್ತಿದಳು. ನಡುದಾರಿಯಲ್ಲಿ ಹಲಗೆ ತಗ್ಗಿದೊಡನೆ ಬೆದರಿ ನಿಂತಳು.

"ಅಪ್ಪ, ತಂತಿ ಜೋಲುತ್ತಿದೆಯಲ್ಲ! ಇನ್ನೂ ಬಿಗಿಯಾಗಿ ಕಟ್ಟಬಾರದಿತ್ತೆ?"

ಪ್ರಶ್ನೆ ಸಹಜವಾದುದೇ. ಆದರೆ ಉತ್ತರ ನಮ್ಮ ಎಣಿಕೆಗೆ ವಿರುದ್ಧವಾಗಿದೆ. ಜೋಲುವ ತಂತಿಯು ಎರಡು ಕಡೆಗೂ ಓರೆಯಾಗಿ ಮೇಲಕ್ಕೆ ಎಳೆಯುತ್ತದೆ. ಈ ಎಳೆತದಲ್ಲಿ ಮೇಲ್ಮುಖವಾದ ಪಾಲು ಮಾತ್ರ ಭಾರವನ್ನು ಹೊರುತ್ತದೆ; ಉಳಿದುದು ಮರಗಳನ್ನು ಒಂದರ ಕಡೆಗೊಂದು ಜಗ್ಗುತ್ತದೆ. ತಂತಿ ನೇರವಾದಷ್ಟೂ ಮೇಲ್ಮುಖದ ಪಾಲು ಕಿರಿದಾಗುವುದರಿಂದ, ಅದೇ ಭಾರವನ್ನು ಹೊರಲು ಒಟ್ಟು ಎಳೆತ ಬೆಳೆಯಲೇಬೇಕು. ತಂತಿಯ ಸ್ವಂತ ತೂಕವನ್ನು ಬಿಟ್ಟು ಲೆಕ್ಕ ಹಾಕೋಣ. ಮರಗಳ ಅಂತರ 20 ಮೀಟರ್, ಮಗುವಿನ ತೂಕ 30 ಕಿಲೋಗ್ರಾಂ ಎಂದಿರಲಿ. ನಡುವೆ 1 ಮೀಟರ್ ತಗ್ಗಿದರೆ ತಂತಿಯ ಎಳೆತ ಸುಮಾರು 150 ಕಿಲೋಗ್ರಾಂ ತೂಕದಷ್ಟು. 10 ಸೆಂಟಿಮೀಟರ್ ಮಾತ್ರ ತಗ್ಗುವಂತೆ ಬಿಗಿದರೆ ಸುಮಾರು 1500! ಕಿಂಚಿತ್ತೂ ತಗ್ಗಬಾರದೆಂದರೆ ಯಾವ ಬಲವೂ ಸಾಲದು. ಸಂಶಯವಿದ್ದವರು ಬಟ್ಟೆ ಒಣಗಿಸುವ ಹಗ್ಗವನ್ನು ಬಿಗಿದು ಕಟ್ಟಿ, ನಡುವೆ ನೀರಿನ ಬಿಂದಿಗೆಯನ್ನು ತೂಗುಹಾಕಿ ನೋಡಬಹುದು.

ನನ್ನ ಲೆಕ್ಕದಿಂದ ಧೈರ್ಯ ಬಂದಿತೋ, ಕೆಳಗೆ ತಾತ ನಿಂತಿದ್ದಾರೆಂದು ಬಂದಿತೋ ಹೇಳಲಾರೆ. ಮಗಳು ಆಚೆಯ ಮರವನ್ನು ಮುಟ್ಟಿದಳು. ಆದರೆ ತಂದೆಯವರ ಮುಖ ಗಂಭೀರವಾಗಿತ್ತು.

"ಆಟಕ್ಕೆ ಹತ್ತುವ ಕೂಸಿಗೆ ಎರಡು ಹಗ್ಗ. ನಮ್ಮ ಮರ ಹತ್ತಿದವನಿಗೆ ಒಂದೂ ಇರಲಿಲ್ಲವಲ್ಲಪ್ಪ" ಎಂದರು.

ಹಿಂದೊಮ್ಮೆ ನಮ್ಮ ತೋಟದಲ್ಲಿ ಕಾಯಿ ಕೀಳುತ್ತಿದ್ದವರೊಬ್ಬರು ಜಾರಿ ಬಿದ್ದು, ಮತ್ತೆ ಮರ ಹತ್ತಲಾರದವರಾದರು. 15 ಮೀಟರ್ ಎತ್ತರದಿಂದ ಬೀಳುವ ದೇಹ ಎರಡು ಸೆಕೆಂಡುಗಳೊಳಗೆ ನೆಲ ಸೇರುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 60 ಕಿಲೋಮೀಟರ್.

ಹಾಗಾದರೆ ಸೊಂಟಕ್ಕೆ ಯಾವುದೋ ಒಂದು ಹಗ್ಗ ಬಿಗಿದುಕೊಂಡರೆ ಸಾಕೆ? ಸಾಲದು. ಇಲ್ಲಿಯೂ ಬಗ್ಗುವ ಗುಣವೇ ಬೇಕು. ಒಬ್ಬನು 2 ಮೀಟರ್ ಬಿದ್ದ ಮೇಲೆ, ಹಿಗ್ಗದ ಹಗ್ಗವೊಂದು ಅವನನ್ನು 2 ಸೆಂಟಿಮೀಟರಿನೊಳಗೆ ತಡೆದು ನಿಲ್ಲಿಸಿದರೆ, ದೇಹದ ಮೇಲೆ ಬೀಳುವ ಸರಾಸರಿ ಬಲ ಅವನ ತೂಕದ ನೂರು ಪಟ್ಟು. ಹಗ್ಗ ಹಿಗ್ಗಿ 50 ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ ಐದು ಪಟ್ಟು ಮಾತ್ರ. ಪರ್ವತಾರೋಹಿಗಳು ಹಳೆಯ ನಾರಿನ ಹಗ್ಗವನ್ನು ಬಿಟ್ಟು ನೈಲಾನ್ ಹಗ್ಗವನ್ನು ಹಿಡಿದುದು ಇದಕ್ಕಾಗಿಯೇ. 1935ರಲ್ಲಿ ಅಮೆರಿಕದಲ್ಲಿ ಕರೋದರ್ಸ್ ಎಂಬ ರಸಾಯನಜ್ಞನು ನೈಲಾನನ್ನು ತಯಾರಿಸಿದನು. 1953ರಲ್ಲಿ ಜರ್ಮನಿಯ ಎಡೆಲ್ರಿಡ್ ಸಂಸ್ಥೆಯು ನೂಲಿನ ತಿರುಳಿನ ಮೇಲೆ ಹೆಣೆದ ಕವಚವಿರುವ ಹಗ್ಗವನ್ನು ಹೊರತಂದಿತು. ಬಲವು ಒಂದೇ ಕಡೆ ಬೀಳದಂತೆ ತೊಡೆ, ಸೊಂಟಗಳಿಗೆ ಹಂಚುವ ಪಟ್ಟಿಯೂ ಅಷ್ಟೇ ಅಗತ್ಯ. ಕೊಂಡಿ ತಲೆಯಿಂದ ಮೇಲಿದ್ದರೆ ಬೀಳುವ ದೂರವೇ ಅತ್ಯಲ್ಪವಾಗುವುದು.

ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ತೆಂಗಿನ ಮರದ ಗೆಳೆಯರು ಎಂಬ ಅರ್ಥದ ಹೆಸರಿನ ತರಬೇತಿಯನ್ನು ಆರಂಭಿಸಿ, ಉಪಕರಣದ ನೆರವಿನಿಂದ ಮರವೇರುವುದನ್ನು ಯುವಕ ಯುವತಿಯರಿಗೆ ಕಲಿಸತೊಡಗಿತು. ಮರ ಹತ್ತುವವರಿಗೆಂದು 'ಕೇರ ಸುರಕ್ಷಾ' ಎಂಬ ಅಪಘಾತ ವಿಮೆಯನ್ನೂ ತಂದಿತು. ಆದರೆ ವಿಮೆ ಬರುವುದು ಬಿದ್ದ ಮೇಲೆ. ಪಟ್ಟಿ ಕಾಯುವುದು ಬೀಳುವಾಗ.

ಊರಿಗೆ ಮರಳಿದ ವಾರದಲ್ಲಿಯೇ ತಂದೆಯವರು ತೊಡೆಗೂ ಸೊಂಟಕ್ಕೂ ಸೇರುವ ಒಂದು ಪಟ್ಟಿಯನ್ನೂ ಹಗ್ಗವನ್ನೂ ತರಿಸಿದರು. ಈಗ ನಮ್ಮ ತೋಟದಲ್ಲಿ ಅದನ್ನು ತೊಡದೆ ಯಾರೂ ಮರ ಹತ್ತುವಂತಿಲ್ಲ. ಕಾಯಿ ಕೀಳುವ ದಿನ ಹಗ್ಗದ ನೂಲು ಸವೆದಿದೆಯೇ, ಕೊಂಡಿಯ ಬಾಯಿ ಸರಿಯಾಗಿ ಮುಚ್ಚುವುದೇ ಎಂದು ಪರೀಕ್ಷಿಸುವ ಕೆಲಸ ನನ್ನ ಮಗಳದು.