ಐದು ದಿನ ಸ್ತಬ್ಧವಾದ ಸಿಯಾಟಲ್

1919ರ ಫೆಬ್ರವರಿ 6, ಬೆಳಗ್ಗೆ 10 ಗಂಟೆ. ಅಮೆರಿಕದ ಸಿಯಾಟಲ್‌ನಲ್ಲಿ ಟ್ರಾಮ್‌ಗಳು ನಿಂತವು, ಕಾರ್ಖಾನೆಗಳು ಮುಚ್ಚಿದವು. 60,000ಕ್ಕೂ ಹೆಚ್ಚು ಕಾರ್ಮಿಕರು ಈಗ ಮುಷ್ಕರದಲ್ಲಿದ್ದರು!

ಯಾಕೆ? ಮೊದಲ ಮಹಾಯುದ್ಧದಲ್ಲಿ ಬೆಲೆಗಳು ಗಗನಕ್ಕೇರಿದರೂ ಕೂಲಿಗೆ ಸರ್ಕಾರದ ಲಗಾಮಿತ್ತು. ಯುದ್ಧ ಮುಗೀತು, ಈಗಲಾದ್ರೂ ಕೂಲಿ ಏರಿಸಿ ಅಂತ 35,000 ಹಡಗು ನಿರ್ಮಾಣ ಕಾರ್ಮಿಕರು ಜನವರಿ 21ರಂದೇ ಮುಷ್ಕರ ಹೂಡಿದ್ದರು. 'ಕೂಲಿ ಏರಿಸಿದರೆ ಉಕ್ಕು ಸಿಗಲ್ಲ' ಅನ್ನೋ ಅರ್ಥದ ಸರ್ಕಾರಿ ತಂತಿ ಸಂದೇಶ ಮಾಲೀಕರಿಗೆ ಹೋಗೋ ಬದಲು ತಪ್ಪಿ ಕಾರ್ಮಿಕರ ಕೈಗೇ ಬಂತು! ನೂರಕ್ಕೂ ಹೆಚ್ಚು ಕಾರ್ಮಿಕ ಸಂಘಗಳು ಅವರ ಬೆನ್ನಿಗೆ ನಿಂತು ತಾವೂ ಮುಷ್ಕರಕ್ಕಿಳಿದವು.

ಹಾಗಾದ್ರೆ ಊರು ಉಪವಾಸ ಬಿತ್ತಾ? ಇಲ್ಲ. ಮುಷ್ಕರ ಸಮಿತಿಯೇ 21 ಊಟದ ಮನೆ ತೆರೆದು ದಿನಕ್ಕೆ ಸುಮಾರು 30,000 ಊಟ ಬಡಿಸಿತು. ಮಕ್ಕಳಿಗೆ ಹಾಲು, ಆಸ್ಪತ್ರೆಗೆ ಬೇಕಾದ ಸೇವೆ ನಿಲ್ಲಲಿಲ್ಲ. ಯುದ್ಧದಿಂದ ಮರಳಿದ ಕಾರ್ಮಿಕರು ಆಯುಧವಿಲ್ಲದೆ ಬೀದಿ ಕಾದರು.

ಆದರೂ ಪತ್ರಿಕೆಗಳು ಇದನ್ನು 'ರಷ್ಯಾ ಮಾದರಿ ಕ್ರಾಂತಿ' ಅಂದವು. ಮೇಯರ್ ಓಲೆ ಹ್ಯಾನ್ಸನ್ ಸೇನೆಯ ಬೆದರಿಕೆ ಒಡ್ಡಿದರು. ರಾಷ್ಟ್ರೀಯ ಕಾರ್ಮಿಕ ಸಂಘಗಳ ನಾಯಕರೇ ಮುಷ್ಕರ ನಿಲ್ಲಿಸಿ ಅಂತ ಒತ್ತಡ ಹಾಕಿದರು. ಫೆಬ್ರವರಿ 11ಕ್ಕೆ ಮುಷ್ಕರ ಮುಗೀತು.

ಕೂಲಿ ಏರಲಿಲ್ಲ. ಹ್ಯಾನ್ಸನ್ ಮಾತ್ರ ಅದೇ ವರ್ಷ ಕುರ್ಚಿ ಬಿಟ್ಟು, 'ಕ್ರಾಂತಿ ಮುರಿದ' ಕಥೆ ಹೇಳುತ್ತಾ ದೇಶವಿಡೀ ಭಾಷಣ ಮಾಡಿ ಹಣ ಗಳಿಸಿದರು!